ಮಂದ್ರಕ್ಕೆ ಯಾವ ತಂತಿ?

ಎಲೆಕ್ಟ್ರಿಕ್ ಅಪ್‌ರೈಟ್ ಬೇಸ್ ಕೊಂಡವರು ಒಂದೆರಡು ತಿಂಗಳಲ್ಲೇ ತಂತಿಯ ಮಾತಿಗೆ ಬರುತ್ತಾರೆ. ವಾದ್ಯದ ಜೊತೆ ಬಂದ ತಂತಿ ಗಡುಸು, ಬಲಗೈ ತೋರುಬೆರಳಲ್ಲಿ ಬೊಬ್ಬೆ, ದನಿಯಲ್ಲಿ ಲೋಹದ ಕಿರುಚು. ಯಾವ ಕಂಪನಿಯದು ಹಾಕಿದರೆ ಸರಿಹೋದೀತೆಂದು ಹುಡುಕಲು ಹೊರಟರೆ ಹತ್ತಾರು ಹೆಸರುಗಳು ಎದುರಾಗುತ್ತವೆ, ಒಂದೊಂದರಲ್ಲೂ ಎರಡು ಮೂರು ಬಗೆಯ ಬಿಗಿತ. ನಾಲ್ಕು ತಂತಿಯ ಒಂದು ಸೆಟ್ಟಿಗೆ ಸಾಮಾನ್ಯವಾಗಿ 150ರಿಂದ 300 ಡಾಲರ್. ಗಿಟಾರಿನ ತಂತಿಯಾದರೆ ಕೆಲವು ನೂರು ರೂಪಾಯಿಗೆ ತಂದು, ಹಿಡಿಸದಿದ್ದರೆ ಮುಂದಿನ ತಿಂಗಳು ಬೇರೆ ಹಾಕಿ ನೋಡಬಹುದು. ಇಲ್ಲಿ ಆ ಚಪಲಕ್ಕೆ ದುಡ್ಡು ಸಾಲದು.

ಹೀಗಾಗಿ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎನ್ನುವುದೇ ಇಲ್ಲಿ ಮುಖ್ಯ. ಕಂಪನಿ ಯಾವುದೆಂಬುದು ಕಟ್ಟಕಡೆಯ ಪ್ರಶ್ನೆ. ಅದಕ್ಕೆ ಮೊದಲು ವಾದ್ಯವೇ ಉತ್ತರ ಹೇಳಿಬಿಡುವ ಮೂರು ಪ್ರಶ್ನೆಗಳಿವೆ: ತಂತಿ ಎಷ್ಟು ಉದ್ದಕ್ಕೆ ಮಿಡಿಯಬೇಕು, ಅದರ ಎರಡು ತುದಿಗಳನ್ನು ಎಲ್ಲಿ ಕಟ್ಟುತ್ತಾರೆ, ಅದರ ಕಂಪನವನ್ನು ಯಾವ ಪಿಕಪ್ ಕೇಳಿಸಿಕೊಳ್ಳುತ್ತದೆ. ಇವು ಮುಗಿದ ಮೇಲೆ ನುಡಿಸುವವರ ಸರದಿ. ಕಿವಿಯ ಆಸೆ, ಕೈಯ ಶಕ್ತಿ, ಜೇಬು ಎಲ್ಲವೂ ಆಮೇಲೆ.

ಈ ವಾದ್ಯ ಹುಟ್ಟಿದ್ದು ಎರಡು ತಾಪತ್ರಯಗಳಿಂದ. ಡಬಲ್ ಬೇಸ್ ಆಳೆತ್ತರದ್ದು, ಹೊತ್ತು ತಿರುಗುವುದು ಕಷ್ಟ. ಡ್ರಮ್ಮು, ಹಿತ್ತಾಳೆ ವಾದ್ಯಗಳ ನಡುವೆ ಅದರ ದನಿ ಮುಳುಗಿಹೋಗುತ್ತಿತ್ತು. 1930ರ ದಶಕದಲ್ಲೇ ಅಮೆರಿಕದ ರಿಕನ್‌ಬ್ಯಾಕರ್ ಕಂಪನಿ ಒಡಲಿಲ್ಲದ, ವಿದ್ಯುತ್ತಿನಿಂದ ನುಡಿಯುವ ನಿಲುವಿನ ಬೇಸ್ ಒಂದನ್ನು ಮಾಡಿ ನೋಡಿತು. 1940ರ ದಶಕದಲ್ಲಿ ಎವರೆಟ್ ಹಲ್ ಎಂಬ ಬೇಸ್ ವಾದಕ ವಾದ್ಯದ ಕೆಳಗಿನ ಊರುಗೋಲಿನ, ಅಂದರೆ ಪೆಗ್ಗಿನ, ಮೂಲಕ ಒಡಲೊಳಗೆ ಮೈಕ್ ಇಳಿಸುವ ಉಪಾಯ ಕಂಡುಹಿಡಿದ. ಆಂಪೆಗ್ ಕಂಪನಿಯ ಹೆಸರು ಬಂದದ್ದು ಅಲ್ಲಿಂದ. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಷನ್ ಬೇಸ್ ತಂದು, ಬೇಸನ್ನು ಗಿಟಾರಿನಂತೆ ಹೆಗಲಿಗೆ ನೇತುಹಾಕಿತು. ಬಹುಪಾಲು ಜನ ಆ ದಾರಿ ಹಿಡಿದರು. ನಿಂತೇ ನುಡಿಸಬೇಕೆಂಬ ಹಟದವರು ಉಳಿದುಕೊಂಡರು. ಅವರಿಗಾಗಿ ಆಂಪೆಗ್ 1960ರ ದಶಕದ ಆರಂಭದಲ್ಲಿ ಪ್ಲಾಸ್ಟಿಕ್ ಒಡಲಿನ ಬೇಬಿ ಬೇಸ್ ತಂದಿತು. ಜಾಜ್‌ನವರು ಅದನ್ನು ಅಷ್ಟಾಗಿ ಒಪ್ಪಲಿಲ್ಲ. ನ್ಯೂಯಾರ್ಕಿನ ಸಾಲ್ಸಾ ತಂಡಗಳು ಎದೆಗಪ್ಪಿಕೊಂಡವು. ಆಂಡಿ ಗೊನ್ಸಾಲೆಸ್‌ನಂಥವರ ಕೈಯಲ್ಲಿ ಅದರ ಗಿಡ್ಡ, ದುಂಡು, ತಾಳವಾದ್ಯಕ್ಕೆ ಹತ್ತಿರವಾದ ಪೆಟ್ಟು ಆ ಸಂಗೀತದ ಗುರುತೇ ಆಯಿತು.

ಇದಕ್ಕೆ ನೇರ ಎದುರು ತುದಿಯಲ್ಲಿ ಜರ್ಮನಿಯ ಎಬರ್‌ಹಾರ್ಡ್ ವೆಬರ್. 1970ರ ದಶಕದಲ್ಲಿ ಆತ ತನ್ನ ಎಲೆಕ್ಟ್ರಿಕ್ ಅಪ್‌ರೈಟ್‌ನಲ್ಲಿ ಹಾಡುವ, ಎಳೆದಷ್ಟೂ ಕರಗದ ದನಿಯೊಂದನ್ನು ಕಂಡುಕೊಂಡ. ಡಬಲ್ ಬೇಸಿನಿಂದ ಅಂಥ ನಾದ ಹೊರಡುವುದಿಲ್ಲ, ಬೇಸ್ ಗಿಟಾರಿನಿಂದಲೂ ಹೊರಡುವುದಿಲ್ಲ. ತಂತಿಯ ಆಯ್ಕೆ ಎಂದರೆ ಈ ಎರಡು ತುದಿಗಳ ನಡುವೆ ಎಲ್ಲಿ ನಿಲ್ಲುತ್ತೀರಿ ಎಂಬ ನಿರ್ಧಾರ. ಮೀಟಿದ ಕೂಡಲೇ ಮುಗಿಯುವ ಪೆಟ್ಟು ಬೇಕೋ, ನಿಂತು ಹಾಡುವ ನಾದ ಬೇಕೋ? ಹೊಸಬರಿಗೆ ಸಿಗುವ ಸಲಹೆಗಳು ಒಂದಕ್ಕೊಂದು ತಾಳೆಯಾಗದಿರುವುದಕ್ಕೆ ಮುಖ್ಯ ಕಾರಣ, ಹೇಳುವವರು ಯಾವ ತುದಿಯಲ್ಲಿ ನಿಂತಿದ್ದಾರೆಂದು ಹೇಳದೇ ಇರುವುದು.

ಇನ್ನು ಮೊದಲ ಪ್ರಶ್ನೆ, ಉದ್ದ. ಮುಕ್ಕಾಲು ಅಳತೆ ಎಂದು ಕರೆಸಿಕೊಳ್ಳುವ ಸಾಮಾನ್ಯ ಡಬಲ್ ಬೇಸಿನಲ್ಲಿ ಮೇಲಿನ ನಟ್‌ನಿಂದ ಕುದುರೆಯವರೆಗೆ ಸುಮಾರು 41ರಿಂದ 42 ಇಂಚು, ಅಂದರೆ 104ರಿಂದ 107 ಸೆಂಟಿಮೀಟರ್. ಯಮಹಾದ ಸೈಲೆಂಟ್ ಬೇಸ್, ನೆಡ್ ಸ್ಟೈನ್‌ಬರ್ಗರ್ ರೂಪಿಸಿದ ಎನ್‌ಎಸ್ ಡಿಸೈನ್‌ನ ನಿಲುವಿನ ಬೇಸ್‌ಗಳು, ಕಡಿಮೆ ಬೆಲೆಯ ಸ್ಟ್ಯಾಗ್, ಪಲಾಟಿನೊ, ಇವೆಲ್ಲ ಹೆಚ್ಚು ಕಡಿಮೆ ಇದೇ ಅಳತೆಯವು. ಇವಕ್ಕೆ ಡಬಲ್ ಬೇಸಿನ ತಂತಿಯೇ ಬೇಕು. ಆದರೆ ಎಲ್ಲ ನಿಲುವಿನ ಬೇಸೂ ಹೀಗಿಲ್ಲ. ಎನ್‌ಎಸ್ ಡಿಸೈನ್‌ನದೇ ಆಮ್ನಿ ಬೇಸ್ 34 ಇಂಚಿನದು, ಬೇಸ್ ಗಿಟಾರಿನ ಉದ್ದ. ನೋಡಲು ಎರಡೂ ಒಂದೇ ಜಾತಿ, ತಂತಿಯ ಲೆಕ್ಕದಲ್ಲಿ ಬೇರೆ ಬೇರೆ.

ತಂತಿಯ ಬಿಗಿತ ಅದರ ಪ್ರತಿ ಇಂಚಿನ ತೂಕವನ್ನು, ಉದ್ದದ ವರ್ಗವನ್ನು, ಸ್ವರದ ಕಂಪನಸಂಖ್ಯೆಯ ವರ್ಗವನ್ನು ಅವಲಂಬಿಸಿದೆ. ಒಂದೇ ತಂತಿಯನ್ನು, ಒಂದೇ ಸ್ವರಕ್ಕೆ, 34 ಇಂಚಿನ ಬದಲು 42 ಇಂಚಿಗೆ ಎಳೆದರೆ ಬಿಗಿತ ಒಂದೂವರೆ ಪಟ್ಟಾಗುತ್ತದೆ. ತಿರುಗಿಸಿ ಹೇಳಿದರೆ, 42 ಇಂಚಿಗಾಗಿ ಮಾಡಿದ ತಂತಿಯನ್ನು 34 ಇಂಚಿನ ವಾದ್ಯಕ್ಕೆ ಹಾಕಿದರೆ ಮೂರನೇ ಒಂದು ಭಾಗ ಬಿಗಿತ ಕಳೆದುಕೊಂಡು ಜೋಲುತ್ತದೆ. ಹಣ ಉಳಿಸಲು ಬೇಸ್ ಗಿಟಾರಿನ ತಂತಿಯನ್ನು ಉದ್ದದ ವಾದ್ಯಕ್ಕೆ ಹಾಕಲು ಹೊರಡುವವರಿದ್ದಾರೆ. ಬಹುಮಟ್ಟಿಗೆ ಅದು ಬಿರಡೆಯವರೆಗೆ ಮುಟ್ಟುವುದೇ ಇಲ್ಲ, ಮುಟ್ಟಿದರೂ ಈ ಒಂದೂವರೆ ಪಟ್ಟಿನ ಲೆಕ್ಕ ಕಾದಿರುತ್ತದೆ. 34 ಇಂಚಿನ ವಾದ್ಯ ಕೊಂಡವರ ಪಾಡು ಮಾತ್ರ ಸುಖದ್ದು. ಬೇಸ್ ಗಿಟಾರಿಗೆಂದೇ ಬರುವ ನುಣುಪಾದ ಫ್ಲಾಟ್‌ವೌಂಡ್ ತಂತಿಗಳು ಅವರಿಗೆ ಸಾಕು, ಬೆಲೆಯೂ ಅರ್ಧಕ್ಕಿಂತ ಕಡಿಮೆ. ಈ ಲೇಖನದ ಉಳಿದ ಭಾಗ ಉದ್ದದ ವಾದ್ಯದವರಿಗೆ.

ಎರಡನೆಯದು ಕಟ್ಟುವ ಜಾಗ. ಇದನ್ನು ಯಾರೂ ಹೇಳುವುದಿಲ್ಲ, ಪೆಟ್ಟು ತಿಂದ ಮೇಲೆ ಗೊತ್ತಾಗುತ್ತದೆ. ಡಬಲ್ ಬೇಸಿನ ತಂತಿಯ ಕೆಳತುದಿಯಲ್ಲಿ ಒಂದು ಲೋಹದ ಗುಂಡಿ, ಅದರ ಪಕ್ಕ ಕೆಲವು ಸೆಂಟಿಮೀಟರ್ ರೇಷ್ಮೆ ದಾರದ ಸುತ್ತು. ಮೇಲ್ತುದಿಯಲ್ಲೂ ಅಂಥದೇ ಸುತ್ತು. ಗುಂಡಿ ಟೇಲ್‌ಪೀಸಿಗೆ ಸಿಕ್ಕಿಕೊಳ್ಳುತ್ತದೆ. ಅಲ್ಲಿಂದ ಕುದುರೆಯವರೆಗೆ ನುಡಿಯದ ಒಂದಿಷ್ಟು ಉದ್ದ ಇರುತ್ತದೆ, ತಂತಿಯನ್ನು ನೇಯುವವರು ಅದನ್ನು ಲೆಕ್ಕಕ್ಕೆ ತೆಗೆದುಕೊಂಡೇ ರೇಷ್ಮೆ ಸುತ್ತಿರುತ್ತಾರೆ. ಆದರೆ ಹಲವು ಎಲೆಕ್ಟ್ರಿಕ್ ವಾದ್ಯಗಳಲ್ಲಿ ಟೇಲ್‌ಪೀಸೇ ಇಲ್ಲ. ಕುದುರೆಯ ಹಿಂದೆಯೇ ಮರದ ಹಲಗೆಯಲ್ಲಿ ಗುಂಡಿ ಕೂರುತ್ತದೆ. ಆಗ ಇಡೀ ತಂತಿ ಮೇಲಕ್ಕೆ ಸರಿದಂತಾಗಿ, ಕೆಳಗಿನ ರೇಷ್ಮೆ ಕುದುರೆಯನ್ನು ದಾಟಿ ನುಡಿಯುವ ಭಾಗಕ್ಕೆ ಬಂದರೆ ದನಿ ಸತ್ತುಹೋಗುತ್ತದೆ. ಮೇಲೆ, ರೇಷ್ಮೆಯ ತೆಳು ತುದಿ ಸುತ್ತಿಕೊಳ್ಳಬೇಕಾದ ಬಿರಡೆಗೆ ತಂತಿಯ ಪೂರ್ತಿ ದಪ್ಪದ ಭಾಗ ಬರುತ್ತದೆ. ಬಿರಡೆ ಬೇಸ್ ಗಿಟಾರಿನ ನಮೂನೆಯ ಸಣ್ಣ ಕಂಬವಾಗಿದ್ದರೆ ದಪ್ಪದ ಇ ತಂತಿ ಅದರ ಸುತ್ತ ಬಾಗದೆ ಸುತ್ತು ಬಿಚ್ಚಿಕೊಳ್ಳಬಹುದು, ಮುರಿಯಲೂಬಹುದು.

ಇದಕ್ಕೆಂದೇ ಡಡಾರಿಯೊ ಕಂಪನಿ ಎನ್‌ಎಸ್ ವಾದ್ಯಗಳಿಗೆ ಪ್ರತ್ಯೇಕ ಎಲೆಕ್ಟ್ರಿಕ್ ತಂತಿ ಸೆಟ್ ಮಾಡಿದೆ. ಬೇರೆ ತಂತಿ ಹಾಕುವುದಾದರೆ ಮೊದಲು ಟೇಪು ಹಿಡಿದು ಎರಡು ಅಳತೆ ತೆಗೆದುಕೊಳ್ಳಿ: ಗುಂಡಿ ಕೂರುವ ಜಾಗದಿಂದ ಕುದುರೆಯವರೆಗೆ, ಗುಂಡಿಯಿಂದ ಪ್ರತಿ ಬಿರಡೆಯವರೆಗೆ. ಈಗ ಹಾಕಿರುವ ತಂತಿಯ ರೇಷ್ಮೆ ಎಲ್ಲಿ ಶುರುವಾಗುತ್ತದೆಂದು ಬರೆದಿಟ್ಟುಕೊಂಡು, ಮಾರುವವರನ್ನು ಕೇಳಿ. ಉತ್ತರ ಹೇಳಲಾಗದ ಅಂಗಡಿಯಿಂದ ಕೊಳ್ಳಬೇಡಿ.

ಮೂರನೆಯದು ಪಿಕಪ್. ಇವುಗಳಲ್ಲಿ ಎರಡು ಜಾತಿ. ಪೀಜೊ ಪಿಕಪ್ ಕುದುರೆಯ ಅಡಿಯಲ್ಲೋ ಒಳಗೋ ಕೂತು ಒತ್ತಡದ ಏರಿಳಿತವನ್ನು ವಿದ್ಯುತ್ತಾಗಿಸುತ್ತದೆ. ತಂತಿ ಉಕ್ಕಿನದೋ ಕರುಳಿನದೋ ನೈಲಾನಿನದೋ ಅದಕ್ಕೆ ಮುಖ್ಯವಲ್ಲ. ಯಮಹಾ ಸೈಲೆಂಟ್ ಬೇಸಿನಲ್ಲಿರುವುದು ಇದೇ. ಅಯಸ್ಕಾಂತದ ಪಿಕಪ್‌ಗೆ ಮಾತ್ರ ಉಕ್ಕು ಬೇಕೇ ಬೇಕು. ಕರುಳು, ನೈಲಾನು ಅದರ ಪಾಲಿಗೆ ಇಲ್ಲವೇ ಇಲ್ಲ. ಒಳಗೆ ಕೃತಕ ನಾರು, ಹೊರಗೆ ಲೋಹದ ಸುತ್ತು ಇರುವ ತಂತಿಗಳು ನಡುವಿನ ತಲೆನೋವು. ಸುತ್ತಿನ ಲೋಹಕ್ಕೆ ತಕ್ಕಂತೆ ಒಂದು ತಂತಿ ಜೋರಾಗಿ ಕೇಳಿ ಪಕ್ಕದ್ದು ಪಿಸುಗುಟ್ಟಬಹುದು. ಎನ್‌ಎಸ್‌ನ ಮೇಲ್ದರ್ಜೆಯ ವಾದ್ಯಗಳಲ್ಲಿ ಎರಡೂ ಬಗೆ ಇವೆ. ಅಂಥ ವಾದ್ಯ ಕೊಂಡು ಉಕ್ಕಿಲ್ಲದ ನೈಲಾನ್ ತಂತಿ ಹಾಕುವುದೆಂದರೆ ದುಡ್ಡು ಕೊಟ್ಟು ಪಡೆದ ಅರ್ಧ ಸೌಲಭ್ಯವನ್ನು ಮುಚ್ಚಿಟ್ಟ ಹಾಗೆ.

ಪಿಕಪ್ಪಿನ ಜೊತೆಗೇ ಬರುವ ಇನ್ನೊಂದು ಸಂಗತಿ ಒಡಲು, ಅಥವಾ ಅದರ ಗೈರು. ನನ್ನ ದೃಷ್ಟಿಯಲ್ಲಿ ಇಡೀ ವಿಷಯದ ತಿರುಳು ಇಲ್ಲಿದೆ. ಡಬಲ್ ಬೇಸಿನ ಮರದ ಒಡಲು ತಂತಿಯ ಶಕ್ತಿಯನ್ನು ಬೇಗ ಹೀರಿ ಗಾಳಿಗೆ ಕೊಟ್ಟುಬಿಡುತ್ತದೆ. ಹಾಗಾಗಿ ನಾದ ಬೇಗ ಇಳಿಯುತ್ತದೆ, ಲೋಹದ ಚೂಪು ಒಡಲಿನಲ್ಲಿ ಒಂದಿಷ್ಟು ಕರಗುತ್ತದೆ. ಗಟ್ಟಿ ಹಲಗೆಯ ವಾದ್ಯದಲ್ಲಿ ಶಕ್ತಿ ಹೋಗಲು ದಾರಿಯಿಲ್ಲ. ತಂತಿ ಮಿಡಿಯುತ್ತಲೇ ಇರುತ್ತದೆ, ಅದರ ಪ್ರತಿ ಗುಣವೂ ಪ್ರತಿ ದೋಷವೂ ಬಟ್ಟೆಯಿಲ್ಲದೆ ಹೊರಬರುತ್ತದೆ. ಬೆರಳು ಉಜ್ಜಿದ ಸದ್ದು, ತಂತಿ ಹಲಗೆಗೆ ತಾಗಿದ ಟಕ್ಕು, ಎಲ್ಲವನ್ನೂ ಪೀಜೊ ಹೆಕ್ಕಿ ಕೊಡುತ್ತದೆ. ಡಬಲ್ ಬೇಸ್ ವಾದಕರು ತಲೆಮಾರುಗಳಿಂದ ಕಟ್ಟಿಕೊಂಡು ಬಂದ ತಂತಿಜ್ಞಾನವೆಲ್ಲ ಮರದ ಒಡಲನ್ನು ನಂಬಿದ್ದು. ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಸಾಲದು, ಒಂದು ಮೆಟ್ಟಿಲು ಇಳಿಸಿ ಓದಿಕೊಳ್ಳಬೇಕು. ಮರದ ವಾದ್ಯದಲ್ಲಿ ‘ಚೆನ್ನಾಗಿ ನಿಲ್ಲುತ್ತದೆ’ ಎನಿಸಿಕೊಂಡ ತಂತಿ ಹಲಗೆಯ ವಾದ್ಯದಲ್ಲಿ ಅತಿಯಾಗಿ ನಿಲ್ಲುತ್ತದೆ. ಅಲ್ಲಿ ‘ಸ್ವಲ್ಪ ಮಂಕು’ ಎಂದು ದೂರಿಗೆ ಒಳಗಾದದ್ದು ಇಲ್ಲಿ ಹದವಾಗಿ ಕೇಳೀತು.

ಈ ಕನ್ನಡಕ ಹಾಕಿಕೊಂಡು ಮಾರುಕಟ್ಟೆಯನ್ನು ನೋಡೋಣ. ಹಳೆಯದು ಕುರಿಯ ಕರುಳಿನ ತಂತಿ. ಎರಡನೇ ಮಹಾಯುದ್ಧದ ತನಕ ಬೇಸ್ ಎಂದರೆ ಇದೇ. ಮೃದು, ದಪ್ಪ, ಪೆಟ್ಟು ಗಿಡ್ಡ. ಜಾಜ್ ಬೇಸ್ ವಾದಕ ಚಾರ್ಲಿ ಹೇಡನ್ ಉಕ್ಕಿನ ಕಾಲದಲ್ಲೂ ಮೇಲಿನ ಎರಡು ತಂತಿಗಳಿಗೆ ಕರುಳನ್ನೇ ಉಳಿಸಿಕೊಂಡಿದ್ದ. ಹೊಸಬರಿಗೆ ಇದು ಬೇಡ ಎಂದು ಒಂದೇ ಮಾತಿನಲ್ಲಿ ಹೇಳಿಬಿಡಬಹುದು. ಬೆಲೆ ಹೆಚ್ಚು, ಆಯಸ್ಸು ಕಡಿಮೆ, ಗಾಳಿಯ ತೇವಕ್ಕೆ ಶ್ರುತಿ ಅಲ್ಲಾಡುತ್ತದೆ. ಮಂಗಳೂರು, ಕಾರವಾರದ ಮಳೆಗಾಲದಲ್ಲಿ ಇದನ್ನು ಸಾಕುವುದು ಒಂದು ಪೂರ್ಣಾವಧಿ ಉದ್ಯೋಗ.

ಉಕ್ಕಿನ ತಂತಿಗಳಲ್ಲಿ ಎಲ್ಲರ ಬಾಯಲ್ಲಿರುವ ಹೆಸರು ಸ್ಪಿರೊಕೋರ್. ಮಾಡುವವರು ವಿಯೆನ್ನಾದ ತೋಮಾಸ್ಟಿಕ್-ಇನ್‌ಫೆಲ್ಡ್, 1919ರಿಂದ ಇರುವ ಕಂಪನಿ. ನಮ್ಮ ಪಿಟೀಲು ವಾದಕರಿಗೆ ಇದು ಹೊಸ ಹೆಸರಲ್ಲ, ಅವರು ಹಾಕುವ ಡಾಮಿನೆಂಟ್ ತಂತಿಯೂ ಇದೇ ಮನೆಯದು. ಸ್ಪಿರೊಕೋರ್‌ನ ಒಳತಿರುಳು ಒಂಟಿ ಸರಿಗೆಯಲ್ಲ. ಬಾವಿ ಹಗ್ಗದ ಹಾಗೆ ಸಣ್ಣ ಉಕ್ಕಿನ ಎಳೆಗಳನ್ನು ಹೊಸೆದದ್ದು. ಅದರ ಮೇಲೆ ಲೋಹದ ಪಟ್ಟಿಯ ಸುತ್ತು. ಹೊಸೆದ ತಿರುಳು ಸುಲಭವಾಗಿ ಬಾಗುತ್ತದೆ, ಕಂಪನ ಬಹಳ ಹೊತ್ತು ನಿಲ್ಲುತ್ತದೆ, ಸ್ವರದ ಕೊನೆಯಲ್ಲಿ ಒಂದು ಗುರುಗುಟ್ಟುವಿಕೆ ಏಳುತ್ತದೆ. ಮೀಟಿ ನುಡಿಸುವ ಜಾಜ್‌ನವರು ಇದರ ಹಿಂದೆ ಬಿದ್ದದ್ದು ಆ ಗುರುಗುಟ್ಟುವಿಕೆಗಾಗಿ. ಆಯಸ್ಸೂ ಗಟ್ಟಿ, ಒಂದೇ ಸೆಟ್ಟನ್ನು ಹತ್ತಾರು ವರ್ಷ ಬಿಚ್ಚದವರಿದ್ದಾರೆ.

ಹಾಗಾದರೆ ಹೊಸಬರೂ ಇದನ್ನೇ ಹಾಕಬೇಕಲ್ಲವೇ? ಹಲವರು ಹೌದೆನ್ನುತ್ತಾರೆ. ನನ್ನ ಉತ್ತರ, ಹಲಗೆಯ ವಾದ್ಯಕ್ಕೆ ಮೊದಲ ಸೆಟ್ ಆಗಿ ಬೇಡ. ಹೊಸ ಸ್ಪಿರೊಕೋರ್ ಮೊದಲ ಕೆಲವು ತಿಂಗಳು ಝಣಝಣ ಎನ್ನುತ್ತದೆ. ಮರದ ಒಡಲು ಅದನ್ನು ಸಹಿಸುತ್ತದೆ, ಪೀಜೊ ಇರುವ ಹಲಗೆ ಅದನ್ನು ಎತ್ತಿ ತೋರಿಸುತ್ತದೆ. ಬೆರಳಿಟ್ಟ ಜಾಗ ತಪ್ಪಿದ ಸ್ವರವೂ ಅಷ್ಟೇ ಹೊತ್ತು ನಿಂತು ಅಣಕಿಸುತ್ತದೆ. ವಾದ್ಯ ಕೈಗೆ ಒಗ್ಗಿದ ಮೇಲೆ, ಎಡಗೈಯಿಂದ ಸ್ವರವನ್ನು ಬೇಕಾದಲ್ಲಿ ಕತ್ತರಿಸಲು ಕಲಿತ ಮೇಲೆ, ಇದರ ಸೊಗಸು ತಾನಾಗಿ ತಿಳಿಯುತ್ತದೆ. ಒಂದು ವಿನಾಯಿತಿ ಇದೆ. ನಮ್ಮ ಸಂಗೀತದ ಜಾರು, ಗಮಕಗಳನ್ನು ಈ ವಾದ್ಯದ ಮೇಲೆ ತರಬೇಕೆಂಬ ಆಸೆಯಿರುವವರಿಗೆ ದೀರ್ಘ ನಾದವೇ ಬೇಕು. ನಿಧಾನವಾದ ಜಾರು ಗುರಿ ಮುಟ್ಟುವ ಮೊದಲೇ ದನಿ ಆರಿಹೋದರೆ ಏನು ಪ್ರಯೋಜನ? ಅವರು ಮೊದಲ ದಿನವೇ ಹೊಸೆದ ತಿರುಳಿನ, ನುಣುಪು ಸುತ್ತಿನ ತಂತಿಗೆ ಹೋಗಬಹುದು.

ಉಕ್ಕಿನದರಲ್ಲೇ ಇನ್ನೊಂದು ಪಂಗಡ ಆರ್ಕೆಸ್ಟ್ರಾದವರದು. ಪಿರಾಸ್ಟ್ರೊದ ಫ್ಲೆಕ್ಸೊಕೋರ್, ಡೆನ್ಮಾರ್ಕಿನ ಯಾರ್ಗರ್, ಡಡಾರಿಯೊದ ಹೆಲಿಕೋರ್ ಆರ್ಕೆಸ್ಟ್ರಲ್ ಈ ಗುಂಪಿನವು. ಕಮಾನಿಗೆ ಕೂಡಲೇ ಮಾತು ಕೊಡಲಿ, ದನಿ ಗಾಢವಾಗಿರಲಿ, ಲೋಹದ ಚೂಪು ತಗ್ಗಲಿ ಎಂದು ಮಾಡಿದವು. ಮೀಟಿದರೆ ಮರದ ವಾದ್ಯದಲ್ಲಿ ಇವು ತುಸು ಮಂಕು ಎನ್ನುತ್ತಾರೆ. ಹಲಗೆಯ ವಾದ್ಯದಲ್ಲಿ ಈ ಮಂಕೇ ಕೆಲಸಕ್ಕೆ ಬರುತ್ತದೆ. ಕಮಾನು ಹಿಡಿಯುವ ಉದ್ದೇಶ ನಿಜವಾಗಿಯೂ ಇದ್ದರೆ ಇವನ್ನು ನೋಡಿ. ಆದರೆ ನಿಮ್ಮ ವಾದ್ಯದ ಕುದುರೆಯ ತಲೆ ಸಾಕಷ್ಟು ಕಮಾನಾಗಿದೆಯೇ ಎಂದು ಮೊದಲು ನೋಡಿಕೊಳ್ಳಿ. ತೀರ ಚಪ್ಪಟೆಯಾಗಿದ್ದರೆ ಯಾವ ತಂತಿ ಹಾಕಿದರೂ ಕಮಾನು ಪಕ್ಕದ ತಂತಿಯನ್ನು ಉಜ್ಜುತ್ತದೆ. ರಾಳದ ವಿಷಯದಲ್ಲೂ ಒಂದು ಮಾತು. ಬೇಸ್ ವಾದಕರು ಮೆಚ್ಚುವ ಪಾಪ್ಸ್ ರಾಳ ಬಹಳ ಮೃದು. ಬೇಸಿಗೆಯ ಕಲಬುರಗಿಯಲ್ಲಿ ಅದು ಡಬ್ಬಿಯೊಳಗೇ ಹರಿದುಬಿಡುತ್ತದೆ. ಸ್ವೀಡನ್ನಿನ ಕಾರ್ಲ್‌ಸನ್‌ನಂಥ ಗಟ್ಟಿ ರಾಳ ನಮ್ಮ ಬಯಲುಸೀಮೆಗೆ ವಾಸಿ.

ಜಾಜ್‌ನವರ, ಆರ್ಕೆಸ್ಟ್ರಾದವರ ಉಕ್ಕಿನ ತಂತಿಗಳ ನಡುವೆ ಹೈಬ್ರಿಡ್ ಎನ್ನುವ ಪಂಗಡವಿದೆ. ಮೀಟಿದರೂ ನುಡಿಯಲಿ, ಕಮಾನು ಎಳೆದರೂ ನುಡಿಯಲಿ ಎಂಬ ರಾಜಿ. ಹೆಲಿಕೋರ್ ಹೈಬ್ರಿಡ್ ಇದರಲ್ಲಿ ಹೆಚ್ಚು ಬಳಕೆಯದು. ಯಾವ ಒಂದರಲ್ಲೂ ಅತ್ಯುತ್ತಮವಲ್ಲ ಎಂದು ಪಳಗಿದವರು ಮೂಗು ಮುರಿಯುತ್ತಾರೆ. ನಿಜವೇ. ಆದರೆ ತನಗೆ ಏನು ಬೇಕೆಂದು ಇನ್ನೂ ಗೊತ್ತಿಲ್ಲದವರಿಗೆ ಯಾವ ಕಡೆಗೂ ವಾಲದ ತಂತಿಯಷ್ಟು ಒಳ್ಳೆಯದು ಬೇರೊಂದಿಲ್ಲ. ಉಕ್ಕಿನ ತಿರುಳು, ಎರಡೂ ಬಗೆಯ ಪಿಕಪ್ಪಿಗೆ ಸರಿ. ದನಿ ಮಧ್ಯಮ ಹೊಳಪಿನದು, ಬೆಲೆ ವಿಯೆನ್ನಾದ ತಂತಿಗಿಂತ ಸಾಮಾನ್ಯವಾಗಿ ಕಡಿಮೆ.

ಕೃತಕ ನಾರಿನ ತಿರುಳಿನವು ಕರುಳಿನ ದನಿಯನ್ನು ಕರುಳಿನ ಕಾಟವಿಲ್ಲದೆ ಕೊಡಲು ಹೊರಟವು. ಪಿರಾಸ್ಟ್ರೊದ ಒಬ್ಲಿಗಾಟೊ, ಡಡಾರಿಯೊದ ಜೈಕ್ಸ್, ಇಂಗ್ಲೆಂಡಿನ ಇನ್ನೊವೇಷನ್ ಕಂಪನಿಯ ಹಲವು ಸೆಟ್ಟುಗಳು ಈ ಬಗೆಯವು. ಬೆರಳಿಗೆ ಹಿತ, ಪೆಟ್ಟಿನಲ್ಲಿ ಮರದ ಗುಣ, ಹಲಗೆಯ ವಾದ್ಯದ ಉದ್ದ ನಾದಕ್ಕೆ ಒಳ್ಳೆಯ ಕಡಿವಾಣ. ತೊಂದರೆ ಬೇರೆ ಕಡೆ ಇದೆ. ಇವು ಉಕ್ಕಿನದಕ್ಕಿಂತ ದಪ್ಪ, ನಟ್‌ನ ಕಚ್ಚಿನಲ್ಲಿ ಕೂರದೆ ಮೇಲೆ ನಿಂತುಬಿಡಬಹುದು. ಹಿಗ್ಗಿ ಒಂದು ನೆಲೆಗೆ ಬರಲು ವಾರಗಟ್ಟಲೆ ಬೇಕು, ಅಷ್ಟು ದಿನವೂ ಶ್ರುತಿ ಇಳಿಯುತ್ತಲೇ ಇರುತ್ತದೆ. ಅಯಸ್ಕಾಂತದ ಪಿಕಪ್ಪಿನ ಪಂಚಾಯಿತಿ ಆಗಲೇ ಹೇಳಿದೆ. ಪೀಜೊ ಮಾತ್ರ ಇರುವ ವಾದ್ಯಕ್ಕೆ, ಬೇಬಿ ಬೇಸಿನ ಆ ಗಿಡ್ಡ ಪೆಟ್ಟು ಬೇಕೆನ್ನುವವರಿಗೆ, ಎರಡನೆಯ ಸೆಟ್ಟಾಗಿ ಇವು ಸೊಗಸು.

ನೈಲಾನ್ ಪಟ್ಟಿ ಸುತ್ತಿದ ಕಪ್ಪು ತಂತಿಗಳದ್ದು ಬೇರೆಯೇ ಲೋಕ. ಜಾಜ್‌ನ ರಾನ್ ಕಾರ್ಟರ್ ದಶಕಗಳಿಂದ ಲಾ ಬೆಲ್ಲಾದ ಇಂಥ ತಂತಿಯನ್ನೇ ಹಾಕಿಕೊಂಡು ಬಂದವರು. ಬೆರಳು ಜಾರುತ್ತದೆ, ಉಜ್ಜುವ ಸದ್ದು ಇಲ್ಲವೇ ಇಲ್ಲ, ಪೀಜೊದ ಚೂಪನ್ನು ಇದರಷ್ಟು ಚೆನ್ನಾಗಿ ಪಳಗಿಸುವುದು ಇನ್ನೊಂದಿಲ್ಲ. ಕಮಾನಿಗೆ ಮಾತ್ರ ಕೆಲಸಕ್ಕೆ ಬಾರದು, ನೈಲಾನನ್ನು ರಾಳ ಕಚ್ಚುವುದಿಲ್ಲ. ಎಂದೂ ಕಮಾನು ಮುಟ್ಟುವುದಿಲ್ಲ ಎಂದು ಖಚಿತವಾಗಿದ್ದರೆ, ಒಳತಿರುಳು ಉಕ್ಕೋ ಅಲ್ಲವೋ ಎಂದು ಪೊಟ್ಟಣದ ಮೇಲೆ ಓದಿ, ಧೈರ್ಯವಾಗಿ ಕೊಳ್ಳಿ. ತಂತಿಯನ್ನು ಹಲಗೆಗೆ ಬಡಿದು ನುಡಿಸುವ ರಾಕಬಿಲ್ಲಿ ವಾದಕರಂತೂ ಇನ್ನೂ ಮುಂದೆ ಹೋಗಿ, ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನೇ ತಂತಿಯಾಗಿ ಕಟ್ಟಿಕೊಂಡಿದ್ದಾರೆ. ಅದು ತಮಾಷೆಯಲ್ಲ, ಅವರ ಶೈಲಿಗೆ ಆ ಸಡಿಲವೇ ಬೇಕು.

ಈಗ ಬಿಗಿತ. ಬೇಸಿನ ನಾಲ್ಕು ತಂತಿಗಳು ಇ, ಎ, ಡಿ, ಜಿ. ಕಂಪನಸಂಖ್ಯೆ ಸುಮಾರು 41, 55, 73, 98 ಹರ್ಟ್ಸ್. ಸಾಮಾನ್ಯ ಉಕ್ಕಿನ ಸೆಟ್ಟಿನಲ್ಲಿ ಒಂದೊಂದರ ಬಿಗಿತವೂ 26ರಿಂದ 30 ಕಿಲೋ ಆಸುಪಾಸು, ಒಟ್ಟು 110-120 ಕಿಲೋ. ಬೇಸ್ ಗಿಟಾರಿನಲ್ಲಿ ಒಂದೊಂದು ತಂತಿಗೆ 20 ಕಿಲೋ ಆಸುಪಾಸು ಅಷ್ಟೇ. ಬೇಸ್ ಗಿಟಾರಿನಿಂದ ಈ ಕಡೆ ಬಂದವರ ಕೈ ಮೊದಲ ವಾರದಲ್ಲೇ ಸೋಲುವುದು ಇದಕ್ಕೇ. ನಮ್ಮ ನಗರಗಳಲ್ಲಿ ಈ ವಾದ್ಯಕ್ಕೆ ಬರುವವರಲ್ಲಿ ಹೆಚ್ಚಿನವರು ಆ ದಾರಿಯವರೇ.

ಪೊಟ್ಟಣದ ಮೇಲೆ ಲೈಟ್, ಮೀಡಿಯಂ, ಹೆವಿ ಎಂದೋ, ವಿಯೆನ್ನಾದ್ದಾದರೆ ವೈಖ್, ಮಿಟ್ಟೆಲ್, ಷ್ಟಾರ್ಕ್ ಎಂದೋ ಇರುತ್ತದೆ. ಈ ಹೆಸರುಗಳು ಆಯಾ ಕಂಪನಿಯೊಳಗಿನ ಹೋಲಿಕೆಗೆ ಮಾತ್ರ. ಒಬ್ಬರ ಮೃದು ಇನ್ನೊಬ್ಬರ ಮಧ್ಯಮಕ್ಕೆ ಸಮ ಇರಬಹುದು. ಕಿಲೋ ಲೆಕ್ಕವನ್ನು ಹಲವು ಕಂಪನಿಗಳೇ ಪ್ರಕಟಿಸುತ್ತವೆ. ಹೋಲಿಸಬೇಕಾದದ್ದು ಅದನ್ನು. ಹಳಬರ ಒಂದು ಉಪಾಯವೂ ಇದೆ. ಒಂಟಿ ವಾದನಕ್ಕೆಂದು ಒಂದು ಸ್ವರ ಏರಿಸಿ ಶ್ರುತಿ ಮಾಡುವ ಸೋಲೊ ಸೆಟ್ಟುಗಳನ್ನು ಕೊಂಡು, ಅವನ್ನು ಮಾಮೂಲಿ ಶ್ರುತಿಗೆ ಇಳಿಸಿ ಕಟ್ಟುವುದು. ಬಿಗಿತ ಸುಮಾರು ಐದನೇ ಒಂದು ಭಾಗ ಇಳಿಯುತ್ತದೆ. ಮರದ ವಾದ್ಯದಲ್ಲಿ ಇದರಿಂದ ದನಿ ಸಣ್ಣದಾಗುವ ಭಯವಿದೆ, ಎಲೆಕ್ಟ್ರಿಕ್‌ನಲ್ಲಿ ದನಿ ದೊಡ್ಡದು ಮಾಡುವುದು ಆಂಪ್ಲಿಫೈಯರಿನ ಕೆಲಸ.

ಹಾಗೆಂದು ಆದಷ್ಟು ಸಡಿಲ ತಂತಿಯೇ ಸುಲಭ ಎಂದುಕೊಳ್ಳಬೇಡಿ. ತೀರ ಸಡಿಲವಾದ ತಂತಿ ಅಗಲಕ್ಕೆ ಬೀಸಿ ಫಿಂಗರ್‌ಬೋರ್ಡಿಗೆ ಬಡಿಯುತ್ತದೆ. ಅದನ್ನು ತಪ್ಪಿಸಲು ಎತ್ತರ ಏರಿಸಬೇಕು, ಎತ್ತರ ಏರಿದರೆ ಒತ್ತಲು ಮತ್ತೆ ಕಷ್ಟ. ಒತ್ತಿದಾಗ ಸ್ವರವೂ ಮೇಲಕ್ಕೆ ಸರಿಯುತ್ತದೆ. ಕಮಾನು ಅದರಲ್ಲಿ ಹೂತುಹೋಗುತ್ತದೆ. ಹೊಸಬರಿಗೆ ಮೃದುವಿನ ಅಂಚಿನಲ್ಲಿರುವ ಮಧ್ಯಮ ಸಾಕು.

ತಂತಿ ಬದಲಿಸಬೇಕು ಎಂದು ಬರುವವರಲ್ಲಿ ಬಹಳ ಮಂದಿಗೆ ಬೇಕಾದದ್ದು ತಂತಿಯ ಎತ್ತರ ಸರಿಮಾಡುವುದು. ಫಿಂಗರ್‌ಬೋರ್ಡಿನ ತುದಿಯಲ್ಲಿ ತಂತಿ ಎಷ್ಟು ಮೇಲಿದೆ ಎಂದು ಅಳೆಯಿರಿ. ಉಕ್ಕಿನ ತಂತಿಗೆ ಜಿ ಕಡೆ ಐದಾರು ಮಿಲಿಮೀಟರ್, ಇ ಕಡೆ ಎಂಟು ಒಂಬತ್ತು ಎಂಬುದು ಮರದ ವಾದ್ಯದ ರೂಢಿಯ ಅಳತೆ. ಎಲೆಕ್ಟ್ರಿಕ್‌ನಲ್ಲಿ ದನಿಗಾಗಿ ಬಲ ಹಾಕಬೇಕಿಲ್ಲವಾದ್ದರಿಂದ ಇನ್ನೂ ಇಳಿಸಬಹುದು. ಹೆಚ್ಚಿನ ಎಲೆಕ್ಟ್ರಿಕ್ ವಾದ್ಯಗಳ ಕುದುರೆಯಲ್ಲಿ ಇದಕ್ಕೆಂದೇ ತಿರುಪು ಇರುತ್ತದೆ. ಕಾರ್ಖಾನೆಯಿಂದ ಅಗತ್ಯಕ್ಕಿಂತ ಎತ್ತರದಲ್ಲಿ ಬಂದ ವಾದ್ಯವನ್ನು ಹಾಗೆಯೇ ತಿಂಗಳುಗಟ್ಟಲೆ ನುಡಿಸಿ, ತಂತಿಯನ್ನು ಶಪಿಸುವವರಿದ್ದಾರೆ. ಎರಡು ಮಿಲಿಮೀಟರ್ ಇಳಿಸಿದರೆ ಸಿಗುವ ಸುಖ ಹದಿನೈದು ಸಾವಿರದ ತಂತಿಯಿಂದ ಸಿಗದು. ನಟ್‌ನಲ್ಲಿ ತಂತಿ ಎತ್ತರ ಕೂತಿದ್ದರೆ ಮಾತ್ರ ಕೈ ಹಾಕಬೇಡಿ. ಅದನ್ನು ಅರದಿಂದ ಉಜ್ಜುವುದು ಕೆಲಸ ಬಲ್ಲವರ ಪಾಲಿಗಿರಲಿ.

ದನಿಯ ದೂರುಗಳಿಗೂ ಇದೇ ಪರೀಕ್ಷೆ. ‘ಇ ತಂತಿಗೆ ಜೀವವಿಲ್ಲ’ ಎನ್ನುತ್ತಾರೆ. 41 ಹರ್ಟ್ಸನ್ನು ಮನೆಯ ಅಭ್ಯಾಸದ ಪುಟ್ಟ ಆಂಪ್ ನುಡಿಸಲಾರದು. ಅಲ್ಲಿ ಕೇಳುವುದು ಬಹುಪಾಲು ಅದರ ಮೇಲಿನ 82 ಹರ್ಟ್ಸು ಮತ್ತದರ ಬಳಗ. ಒಳ್ಳೆಯ ಹೆಡ್‌ಫೋನಿನಲ್ಲಿ ಒಮ್ಮೆ ಕೇಳಿ ನೋಡಿ. ‘ಕಿರುಚುತ್ತದೆ, ತಳವೇ ಇಲ್ಲ’ ಎಂಬ ದೂರಿಗೆ ಇನ್ನೊಂದು ಕಾರಣವೂ ಇರಬಹುದು. ಬ್ಯಾಟರಿಯಿಲ್ಲದ ಪೀಜೊ ಪಿಕಪ್ಪಿಗೆ ಕಡಿಮೆಯೆಂದರೂ ಒಂದು ಮೆಗಾಓಮ್ ಇನ್‌ಪುಟ್ ಇಂಪೀಡೆನ್ಸಿನ ಆಂಪ್ ಬೇಕು. ಅದಕ್ಕಿಂತ ಬಹಳ ಕಡಿಮೆ ಇದ್ದರೆ ಕೆಳಗಿನ ಸ್ವರಗಳು ಸೋರಿಹೋಗಿ ಮೇಲಿನ ಚೂಪು ಮಾತ್ರ ಉಳಿಯುತ್ತದೆ. ಇದಕ್ಕೆ ಮದ್ದು ಒಂದು ಪ್ರೀಆಂಪ್.

ಕೊಳ್ಳುವ ದಾರಿಯ ಬಗ್ಗೆ. ನಮ್ಮಲ್ಲಿ ಡಬಲ್ ಬೇಸಿನ ತಂತಿ ಗಿಟಾರಿನದರಂತೆ ಅಂಗಡಿಯಲ್ಲಿ ತೂಗುಹಾಕಿರುವುದಿಲ್ಲ, ತರಿಸಬೇಕು. ಸಾಗಣೆ, ಸುಂಕ ಸೇರಿದರೆ ತಪ್ಪು ಆಯ್ಕೆ ದುಬಾರಿ. ಮೊದಲ ವರ್ಷ, ಬೇರೆಯವರು ಬಳಸಿದ ಸೆಟ್ಟನ್ನು ಕೊಳ್ಳುವುದಕ್ಕೆ ಹಿಂಜರಿಯಬೇಡಿ. ಉಕ್ಕಿನ ತಂತಿ ಬಹುಕಾಲ ಬಾಳುತ್ತದೆ, ವಾದಕರು ಇನ್ನೊಂದು ದನಿ ಹುಡುಕುತ್ತಾ ಅರ್ಧ ಬೆಲೆಗೆ ಮಾರುವುದು ಲೋಕರೂಢಿ. ಹೊಸತರ ಝಣಝಣ ಇಳಿದಿರುವುದರಿಂದ ಹಲಗೆಯ ವಾದ್ಯಕ್ಕೆ ಹಳೆಯ ಸ್ಪಿರೊಕೋರ್ ಹೊಸದಕ್ಕಿಂತ ಚೆನ್ನ. ಬಿರಡೆಯ ಕಡೆ ತಂತಿ ಎಲ್ಲಿ ಮಡಿಸಿದೆ ಎಂದು ಮಾತ್ರ ಚಿತ್ರ ತರಿಸಿ ನೋಡಿ. ಆ ಮಡಿಕೆ ನಿಮ್ಮ ವಾದ್ಯದಲ್ಲಿ ಬೇರೆ ಕಡೆ ಬಿದ್ದರೆ, ಮತ್ತೆ ನೆಟ್ಟಗೆ ಮಾಡಿ ಮಡಿಸುವಾಗ ಮುರಿಯಬಹುದು.

ಹಾಕುವಾಗ ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಹಲವು ವಾದ್ಯಗಳಲ್ಲಿ ಕುದುರೆ ನಿಂತಿರುವುದು ತಂತಿಗಳ ಒತ್ತಡದಿಂದಲೇ, ಪೀಜೊ ಅದರ ಕಾಲ ಕೆಳಗೇ ಇರುತ್ತದೆ. ಒಂದು ಬಿಚ್ಚಿ ಒಂದು ಹಾಕಿ. ನಟ್‌ನ ಕಚ್ಚುಗಳಿಗೆ ಪೆನ್ಸಿಲ್ಲಿನ ಸೀಸ ಸವರಿ. ಕಟ್ಟುತ್ತಾ ಹೋದಂತೆ ಕುದುರೆಯ ತಲೆ ಮೇಲ್ಗಡೆಗೆ ವಾಲುತ್ತದೆ, ಆಗಾಗ ನೆಟ್ಟಗೆ ನಿಲ್ಲಿಸುತ್ತಿರಿ. ಬಿಚ್ಚಿದ ತಂತಿಗಳನ್ನು ಅಗಲ ಸುರುಳಿ ಮಾಡಿ, ಯಾವುದು ಎಂದು ಚೀಟಿ ಕಟ್ಟಿ, ಹೊಸತು ಬಂದ ಪೊಟ್ಟಣದಲ್ಲೇ ಇಟ್ಟುಕೊಳ್ಳಿ. ಕಛೇರಿಯ ದಿನ ಜಿ ತಂತಿ ಹೋದರೆ ಬದಲಿ ತರಿಸಲು ಹದಿನೈದು ದಿನ ಬೇಕಾದೀತು.